ಬೆನ್ನು ಬಾಗಿದ ಮಕ್ಕಳ ವೈದ್ಯರು: ರಸಲ್ ಹಿಬ್ಸ್ ಎಂಬವರ ಚರಿತ್ರೆ

ತುಮಕೂರಿನ ಶೆಟ್ಟಿಹಳ್ಳಿಯಲ್ಲಾಗಲಿ, ಗುಬ್ಬಿ ಕುಣಿಗಲು ಸೀಮೆಯ ಬೇರೆ ಯಾವ ಗ್ರಾಮದಲ್ಲಾಗಲಿ, ಬೆನ್ನು ಬಾಗಿದ ಮಗುವನ್ನು ಕಂಡವರು ನಮ್ಮಲ್ಲಿ ಅನೇಕರಿರಬಹುದು. ಅದನ್ನು ಕಂಡು ಕೆಲವರು ಹಣೆಬರಹವೆನ್ನುವರು, ಕೆಲವರು ಭಾರ ಹೊತ್ತದ್ದರ ಫಲವೆನ್ನುವರು, ಹಾಗೆಂದು ಸುಮ್ಮನಾಗುವರು. ಹೆತ್ತ ತಾಯಿಯಾದರೋ ಸುಮ್ಮನಾಗಲಾರಳು. ಇಂಥ ಮಕ್ಕಳಿಗೋಸ್ಕರ ತಮ್ಮ ಆಯುಷ್ಯವನ್ನು ಸವೆಸಿದ ಒಬ್ಬ ಶಸ್ತ್ರವೈದ್ಯರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ರಸಲ್ ಹಿಬ್ಸ್ ಎಂಬವರು 1869ನೆಯ ಇಸವಿಯಲ್ಲಿ ಅಮೇರಿಕಾ ದೇಶದ ಕೆಂಟಕಿ ಪ್ರಾಂತ್ಯದ ಬರ್ಡ್ಸ್‌ವಿಲ್ ಎಂಬ ಚಿಕ್ಕ ಊರಿನಲ್ಲಿ ಹುಟ್ಟಿದರು. ಲೂಯಿವಿಲ್ ಪಟ್ಟಣದಲ್ಲಿ ವೈದ್ಯವಿದ್ಯೆಯನ್ನು ಕಲಿತು 1890ರಲ್ಲಿ ಪದವಿಯನ್ನು ಹೊಂದಿದರು. ಅನಂತರ ನ್ಯೂಯಾರ್ಕ್ ನಗರಕ್ಕೆ ಬಂದು, ಅಂಗವಿಕಲರಾದ ಮಕ್ಕಳಿಗಾಗಿ 1866ರಲ್ಲಿ ಸ್ಥಾಪಿಸಲ್ಪಟ್ಟ ಮೂಳೆ ವೈದ್ಯಶಾಲೆಯಲ್ಲಿ ಸೇವೆಗೆ ಸೇರಿದರು. ಆ ವೈದ್ಯಶಾಲೆಯ ಸ್ಥಾಪಕರಲ್ಲಿ ಒಬ್ಬರು ಥಿಯೋಡರ್ ರೂಸ್‌ವೆಲ್ಟ್ ಎಂಬ ಧನವಂತರು. ಇವರ ಹಿರಿಯ ಮಗಳಿಗೆ ಬೆನ್ನೆಲುಬಿನ ವ್ಯಾಧಿ ಇತ್ತು. ತನ್ನ ಮಗಳ ಸಂಕಟವನ್ನು ಕಂಡ ತಂದೆಗೆ ಬಡವರ ಮಕ್ಕಳ ಸಂಕಟವೂ ಅರ್ಥವಾಯಿತು. ಇವರ ಮಗನೇ ಮುಂದೆ ಆ ದೇಶಕ್ಕೆ ಅಧ್ಯಕ್ಷನಾದನು.

ಮಕ್ಕಳ ಬೆನ್ನನ್ನು ಕೆಡಿಸುವ ವ್ಯಾಧಿಗಳಲ್ಲಿ ಎರಡು ಮುಖ್ಯವಾದವು. ಮೊದಲನೆಯದು ಬೆನ್ನೆಲುಬಿನ ಕ್ಷಯ. ಲಂಡನಿನ ಪರ್ಸಿವಲ್ ಪಾಟ್ ಎಂಬ ವೈದ್ಯರು 1779ರಲ್ಲಿ ಇದನ್ನು ವಿವರಿಸಿ ಬರೆದುದರಿಂದ ಇದಕ್ಕೆ ಅವರ ಹೆಸರೇ ನಿಂತಿದೆ. ಇದರಲ್ಲಿ ಬೆನ್ನುಮೂಳೆಯ ಮಣಿಗಳು ಸವೆದು ಕುಸಿಯುತ್ತವೆ; ಮಗುವಿನ ಬೆನ್ನು ಮುಂದಕ್ಕೆ ಬಾಗಿ ಗೂನಾಗುತ್ತದೆ; ಕೆಲವರ ಕಾಲುಗಳು ಸ್ವಾಧೀನ ತಪ್ಪುತ್ತವೆ. ಎರಡನೆಯದು ಬೆನ್ನು ಪಕ್ಕಕ್ಕೆ ಡೊಂಕಾಗಿ ತಿರುಚಿಕೊಳ್ಳುವುದು. ಇದು ಹೆಚ್ಚಾಗಿ ಹತ್ತು ವರುಷ ದಾಟಿ ಬೆಳೆಯುವ ಕಾಲದಲ್ಲಿ ತೋರುತ್ತದೆ. ಹೆಣ್ಣುಮಕ್ಕಳಲ್ಲಿ ಬಲಿಯುವುದು ಅಧಿಕ. ಬಹುಮಂದಿಯಲ್ಲಿ ಇದರ ಕಾರಣವು ಇಂದಿಗೂ ತಿಳಿಯದು. ಕೆಲವರಿಗೆ ಪೋಲಿಯೋ ರೋಗದ ತರುವಾಯ ಬರುತ್ತಿತ್ತು. ಡೊಂಕು ಬಹಳ ಬಲಿತರೆ ಎದೆಗೂಡು ಇಕ್ಕಟ್ಟಾಗಿ ಉಸಿರಾಟಕ್ಕೂ ತೊಂದರೆಯಾಗುತ್ತದೆ.

ಆ ಕಾಲದ ವೈದ್ಯರು ಈ ಮಕ್ಕಳಿಗೆ ಉಕ್ಕಿನ ಪಟ್ಟಿಗಳನ್ನೂ ಗಾರೆಯ ಕವಚಗಳನ್ನೂ ತೊಡಿಸುತ್ತಿದ್ದರು. ತಿಂಗಳುಗಟ್ಟಲೆ, ವರುಷಗಟ್ಟಲೆ ಹಾಸಿಗೆಯಲ್ಲಿ ಮಲಗಿಸುತ್ತಿದ್ದರು. ಹಿಬ್ಸ್ ಅವರ ಹಿರಿಯರಾಗಿದ್ದ ಶೇಫರ್ ಎಂಬವರು ಪಟ್ಟಿಗಳಲ್ಲಿಯೇ ಬಲವಾಗಿ ನಂಬಿಕೆಯಿಟ್ಟವರು. 1900ರಲ್ಲಿ ಹಿಬ್ಸ್ ಅವರು ವೈದ್ಯಶಾಲೆಯ ಮುಖ್ಯ ಶಸ್ತ್ರವೈದ್ಯರಾದರು. ಎಷ್ಟು ಬಿಗಿಯಾಗಿ ಕಟ್ಟಿದರೂ ಬೆನ್ನು ಒಳಗೆ ಅಲುಗುತ್ತಲೇ ಇರುವುದನ್ನೂ, ಪಟ್ಟಿ ತೆಗೆದೊಡನೆ ಮತ್ತೆ ಬಾಗುವುದನ್ನೂ ಅವರು ನೋಡಿದರು. ಹೊರಗಿನ ಆಸರೆಯು ಸಾಲದಾದರೆ ಒಳಗಿನ ಮೂಳೆಯನ್ನೇ ಆಸರೆಯಾಗಿ ಮಾಡಬಾರದೇಕೆಂಬ ಯೋಚನೆಯು ಅವರಿಗೆ ಹುಟ್ಟಿತು.

1911ರ ಜನವರಿಯಲ್ಲಿ ಅವರು ಕ್ಷಯದಿಂದ ಬೆನ್ನು ಬಾಗಿದ ಒಬ್ಬ ಬಾಲಕನಿಗೆ ಈ ಶಸ್ತ್ರಕ್ರಿಯೆಯನ್ನು ಮಾಡಿದರು. ಬೆನ್ನಿನ ನಡುವೆ ಕೈಗೆ ತಗಲುವ ಮೂಳೆಯ ಮುಳ್ಳುಗಳನ್ನು ಮುರಿದು ಒಂದರಿಂದ ಇನ್ನೊಂದಕ್ಕೆ ಸೇತುವೆಯಂತೆ ಹೊಂದಿಸಿದರು. ಮಣಿಗಳ ಹಿಂಬದಿಯ ಪದರವನ್ನು ಎಬ್ಬಿಸಿ ಮೂಳೆಯ ಚೂರುಗಳನ್ನು ಒತ್ತೊತ್ತಾಗಿ ಕೂಡಿಸಿದರು. ಮುರಿದ ಕೈ ಹೇಗೆ ಕೂಡಿಕೊಳ್ಳುವುದೋ ಹಾಗೆಯೇ ಈ ಚೂರುಗಳೂ ಕೂಡಿ ಒಂದೇ ಗಟ್ಟಿ ಮೂಳೆಯಾಗಬೇಕೆಂಬುದು ಅವರ ಉದ್ದೇಶವಾಗಿತ್ತು. ಅದೇ ನಗರದಲ್ಲಿ ಅದೇ ವರುಷ ಆಲ್ಬೀ ಎಂಬ ಮತ್ತೊಬ್ಬ ವೈದ್ಯರು ಮೊಣಕಾಲ ಕೆಳಗಿನ ಮೂಳೆಯ ತುಂಡನ್ನು ತೆಗೆದು ಬೆನ್ನಿಗೆ ಕಸಿಮಾಡುವ ವಿಧಾನವನ್ನು ಪ್ರಕಟಿಸಿದರು.

ವಾಚಕರು ಇದನ್ನು ಸುಲಭ ಕಾರ್ಯವೆಂದು ತಿಳಿಯಬಾರದು. ಬೆನ್ನೆಲುಬಿನ ಒಳಗೆ ನರಗಳ ಹುರಿಯಿದೆ. ಅದಕ್ಕೆ ಪೆಟ್ಟಾದರೆ ಕಾಲುಗಳು ಶಾಶ್ವತವಾಗಿ ಬೀಳಬಹುದು. ಕೀವು ತಡೆಯುವ ಪೆನ್ಸಿಲಿನ್ ಮುಂತಾದ ಔಷಧಗಳು ಆಗ ಇರಲಿಲ್ಲ. ಶಸ್ತ್ರಕ್ಕೆ ಒಪ್ಪಿದರೆ ಮಗುವಿನ ಪ್ರಾಣಭಯ, ಒಪ್ಪದಿದ್ದರೆ ಗೂನು ಬೆಳೆಯುವ ಭಯ; ತಾಯಿತಂದೆಗಳು ಈ ಎರಡರ ನಡುವೆ ನಿಂತು ತೀರ್ಮಾನಿಸಬೇಕಾಗಿತ್ತು.

1914ರಲ್ಲಿ ಹಿಬ್ಸ್ ಅವರು ಪಕ್ಕಕ್ಕೆ ಡೊಂಕಾದ ಬೆನ್ನಿಗೂ ಇದೇ ಕ್ರಿಯೆಯನ್ನು ಮಾಡತೊಡಗಿದರು. ಮೂಳೆಯನ್ನು ಕೂಡಿಸುವುದರಿಂದಲೇ ಡೊಂಕು ನೆಟ್ಟಗಾಗದು. ಅದು ಇದ್ದಲ್ಲಿಯೇ ನಿಲ್ಲುವುದು. ಆದುದರಿಂದ ಮೊದಲು ತಿರುಪು ಜೋಡಿಸಿದ ಗಾರೆಯ ಕವಚದಲ್ಲಿ ಬೆನ್ನನ್ನು ಸ್ವಲ್ಪ ಸ್ವಲ್ಪವಾಗಿ ನೆಟ್ಟಗೆ ಮಾಡಿ, ಬಳಿಕ ಶಸ್ತ್ರಕ್ರಿಯೆ ನಡಿಸಿ, ತಿಂಗಳುಗಟ್ಟಲೆ ಮಲಗಿಸುವ ಕ್ರಮವು ಬಂದಿತು. ಈ ಕಾರ್ಯದಲ್ಲಿ ರಿಸರ್ ಎಂಬ ಕಿರಿಯ ವೈದ್ಯರು ಅವರಿಗೆ ನೆರವಾದರು. 1924ರಲ್ಲಿ 59 ಮಂದಿಯ ವರದಿಯನ್ನೂ, 1931ರಲ್ಲಿ 360 ಮಂದಿಯ ವರದಿಯನ್ನೂ ಪ್ರಕಟಿಸಿದರು. ಮರುವರುಷವೇ, ಅಂದರೆ 1932ರಲ್ಲಿ, ಹಿಬ್ಸ್ ಅವರು ತೀರಿಕೊಂಡರು.

ಅವರ ಕಾರ್ಯದಲ್ಲಿ ಕೊರತೆಯೇ ಇರಲಿಲ್ಲವೆಂದು ಹೇಳಲಾಗದು. 1941ರಲ್ಲಿ ಅಮೇರಿಕಾದ ಮೂಳೆ ವೈದ್ಯರ ಸಂಘವು 425 ರೋಗಿಗಳ ಸ್ಥಿತಿಯನ್ನು ವಿಚಾರಿಸಿದಾಗ, ಅನೇಕರಲ್ಲಿ ಮೂಳೆ ಸರಿಯಾಗಿ ಕೂಡದೆ ಡೊಂಕು ಮರಳಿತ್ತೆಂದು ಕಂಡುಬಂದಿತು. ತರುವಾಯ ಹೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್ ಎಂಬವರು ಪೋಲಿಯೋ ತಗಲಿದ ಮಕ್ಕಳಿಗಾಗಿ ಕೊಕ್ಕೆಗಳುಳ್ಳ ಉಕ್ಕಿನ ಸಲಾಕೆಗಳನ್ನು ಬೆನ್ನೊಳಗೆ ಇಡುವ ವಿಧಾನವನ್ನು ಕಂಡುಹಿಡಿದು, 1962ರಲ್ಲಿ ಅದನ್ನು ಪ್ರಕಟಿಸಿದರು. ಮೊದಮೊದಲು ಅವರು ಉಕ್ಕನ್ನು ಮಾತ್ರ ನಂಬಿದರು. ಉಕ್ಕು ಸಡಿಲಿತು, ಮುರಿಯಿತು. ಹಿಬ್ಸ್ ಅವರಂತೆ ಮೂಳೆಯನ್ನೂ ಕೂಡಿಸಿದ ಮೇಲೆಯೇ ಬೆನ್ನು ನಿಂತಿತು. ಇಂದು ತಿರುಪುಮೊಳೆಗಳೂ ಸಲಾಕೆಗಳೂ ಎಷ್ಟೋ ಉತ್ತಮವಾಗಿವೆ. ಆದರೂ ಕೊನೆಗೆ ಭಾರವನ್ನು ಹೊರತಕ್ಕದ್ದು ಕೂಡಿಕೊಂಡ ಮೂಳೆಯೇ.

ಬೆನ್ನಿನ ಕ್ಷಯಕ್ಕೆ ಈಗ ಔಷಧವುಂಟು. ಸರಕಾರವು ಅದನ್ನು ಉಚಿತವಾಗಿ ಕೊಡುತ್ತದೆ. ಬೇಗನೆ ತಿಳಿದರೆ ಬಹುಪಾಲು ಶಸ್ತ್ರವಿಲ್ಲದೆ ಗುಣವಾಗುತ್ತದೆ. ಪಕ್ಕಕ್ಕೆ ಡೊಂಕಾಗುವ ಬೆನ್ನನ್ನು ಬೆಳೆಯುವ ವಯಸ್ಸಿನಲ್ಲಿ ಕಂಡುಕೊಂಡರೆ ಕವಚದಿಂದ ತಡೆಯುವ ಸಂಭವವಿದೆ. ಸುಮಾರು 50 ಡಿಗ್ರಿ ಮುಟ್ಟಿದರೆ ಶಸ್ತ್ರಕ್ರಿಯೆಯ ಮಾತು ಬರುತ್ತದೆ. ಆದುದರಿಂದ ತಾಯಿತಂದೆಗಳು ಹೀಗೆ ಮಾಡಲಿ: ಮಗುವನ್ನು ಬರಿಮೈಯಲ್ಲಿ ನಿಲ್ಲಿಸಿ, ಕೈಗಳನ್ನು ಜೋಡಿಸಿ ಮುಂದಕ್ಕೆ ಬಗ್ಗುವಂತೆ ಹೇಳಿ, ಹಿಂದಿನಿಂದ ನೋಡಲಿ. ಒಂದು ಪಕ್ಕವು ಇನ್ನೊಂದಕ್ಕಿಂತ ಎತ್ತರವಾಗಿ ತೋರಿದರೆ, ಇಲ್ಲವೆ ಬೆನ್ನು ನೋವಿನೊಂದಿಗೆ ಸಂಜೆಯ ಜ್ವರವೂ ಮೈ ಇಳಿಯುವುದೂ ಕಂಡರೆ, ತಿಕ್ಕಿಸುವುದಕ್ಕೂ ಒತ್ತಿಸುವುದಕ್ಕೂ ಹೋಗದೆ ತುಮಕೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗತಕ್ಕದ್ದು.

ಎಳೆಯ ಗಿಡವನ್ನು ಕಟ್ಟಿ ನಿಲ್ಲಿಸುವುದು ಸುಲಭ. ಮರವಾದ ಮೇಲೆ ಕಷ್ಟ. ಹಿಬ್ಸ್ ಅವರ ವೈದ್ಯಶಾಲೆಗೆ ತಡವಾಗಿ ಬಂದ ಮಕ್ಕಳ ಸಂಕಟವು ನಮ್ಮ ಮಕ್ಕಳಿಗೆ ಬಾರದಿರಲಿ.