ಆ್ಯಕ್ಸಲ್‌ನಲ್ಲಿ ರುಜು ಹಾಕಿದ ಎತ್ತೋರೆ ಬುಗಾಟಿ

ಹಳೆಯ ಕಾರು ಕೊಳ್ಳಹೋದವನು ಮೊದಲು ಬಣ್ಣ ನೋಡುತ್ತಾನೆ, ಸೀಟು ನೋಡುತ್ತಾನೆ, ಬಾನೆಟ್ಟು ಎತ್ತಿಸಿ ಇಂಜಿನು ನೋಡುತ್ತಾನೆ. ಬುಗಾಟಿ ಕಾರಿಗೆ ಬೆಲೆ ಕಟ್ಟಲು ಬಂದ ತಜ್ಞನಾದರೋ ಟಾರ್ಚು ಹಿಡಿದು ಕಾರಿನ ಎದುರು ಮೊಣಕಾಲೂರುತ್ತಾನೆ. ಮುಂದಿನ ಎರಡು ಚಕ್ರಗಳ ನಡುವೆ ಅಡ್ಡ ಹಾಯ್ದಿರುವ ಉಕ್ಕಿನ ಆ್ಯಕ್ಸಲ್, ಅದರ ಒಳಗಿನಿಂದಲೇ ತೂರಿಹೋಗುವ ಸ್ಪ್ರಿಂಗು, ಪಂಚು ಹೊಡೆದು ಮೂಡಿಸಿದ ಅಂಕೆಗಳು, ಇವು ಅಸಲಿ ಎಂದಾದರೆ ಕಾರಿನ ಬೆಲೆ ಹಲವು ಪಟ್ಟು ಏರುತ್ತದೆ. ಅಲ್ಲವೆಂದಾದರೆ ಅದು ನೋಡಲು ಚೆಂದದ ನಕಲು, ಅಷ್ಟೆ. ಒಂದು ಉಕ್ಕಿನ ತುಂಡಿಗೆ ಈ ಮರ್ಯಾದೆ ಬಂದದ್ದು ಹೇಗೆಂದು ತಿಳಿಯಬೇಕಾದರೆ ಅದನ್ನು ಮಾಡಿಸಿದವನ ಬಾಳನ್ನು ನೋಡಬೇಕಾಗುತ್ತದೆ.

ಎತ್ತೋರೆ ಬುಗಾಟಿ 1881ರ ಸೆಪ್ಟೆಂಬರ್ 15ರಂದು ಇಟೆಲಿಯ ಮಿಲಾನ್ ನಗರದಲ್ಲಿ ಹುಟ್ಟಿದನು. ತಂದೆ ಕಾರ್ಲೊ ಬುಗಾಟಿ ಮರಗೆಲಸದಲ್ಲಿ ಹೆಸರಾದವನು. ಅವನು ಮಾಡಿದ ಕುರ್ಚಿ ಮೇಜುಗಳು ಇಂದು ಯುರೋಪಿನ ವಸ್ತುಸಂಗ್ರಹಾಲಯಗಳಲ್ಲಿವೆ. ಗಂಡುಮಕ್ಕಳಿಬ್ಬರಲ್ಲಿ ಹಿರಿಯ ಎತ್ತೋರೆ ಕಲಾವಿದನಾಗಬೇಕೆಂದು ಮನೆಯವರ ಎಣಿಕೆಯಿತ್ತು. ಆದರೆ ತಮ್ಮ ರೆಂಬ್ರಾಂಟನ ಕೈಯಲ್ಲಿ ಮಣ್ಣಿನ ಮುದ್ದೆ ಪ್ರಾಣಿಯಾಗಿ ಜೀವ ತಳೆಯುವುದನ್ನು ಕಂಡ ಮೇಲೆ ಅಣ್ಣನು ಶಿಲ್ಪದ ಆಸೆ ಬಿಟ್ಟು ಯಂತ್ರದ ಕಡೆ ತಿರುಗಿದನು. ಇಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1898ರ ಸುಮಾರಿಗೆ ಮಿಲಾನಿನ ಪ್ರಿನೆಟ್ಟಿ ಮತ್ತು ಸ್ತೂಕ್ಕಿ ಎಂಬ ಸೈಕಲ್ ಕಾರ್ಖಾನೆಗೆ ಕೆಲಸ ಕಲಿಯಲು ಸೇರಿ, ಮೂರು ಚಕ್ರದ ಗಾಡಿಗೆ ಇಂಜಿನು ಕೂಡಿಸಿ ತಾನೇ ಪಂದ್ಯಗಳಲ್ಲಿ ಓಡಿಸಿದನು. 1901ರಲ್ಲಿ ಆತ ರಚಿಸಿದ ಕಾರಿಗೆ ಮಿಲಾನಿನ ಪ್ರದರ್ಶನದಲ್ಲಿ ಬಹುಮಾನ ಬಂತು.

ಆ ಬಹುಮಾನ ಅವನನ್ನು ಅಲ್ಸಾಸಿಗೆ ಕರೆದೊಯ್ಯಿತು. ಅಲ್ಲಿಯ ದೆ ದಿಯೆತ್ರಿಶ್ ಕಂಪೆನಿ 1902ರಲ್ಲಿ ಅವನನ್ನು ಕಾರು ರಚಿಸಲು ಗೊತ್ತುಮಾಡಿಕೊಂಡಿತು. ಹುಡುಗನಿಗೆ ಇನ್ನೂ ಪ್ರಾಯ ತುಂಬಿರಲಿಲ್ಲವಾದ್ದರಿಂದ ಕರಾರಿಗೆ ತಂದೆ ಸಹಿ ಹಾಕಬೇಕಾಯಿತು. ಅಲ್ಸಾಸ್ ಆಗ ಜರ್ಮನಿಯ ಕೈಯಲ್ಲಿತ್ತು. 1871ರವರೆಗೆ ಅದು ಫ್ರಾನ್ಸಿನದು, 1918ರ ಬಳಿಕ ಮತ್ತೆ ಫ್ರಾನ್ಸಿನದು, 1940ರಲ್ಲಿ ಮತ್ತೆ ಜರ್ಮನರದು, ಆ ಯುದ್ಧ ಮುಗಿಯುವಾಗ ಇನ್ನೊಮ್ಮೆ ಫ್ರಾನ್ಸಿನದು. ಜನ ಮನೆ ಬದಲಾಯಿಸದೆಯೇ ದೇಶ ಬದಲಾಗುವುದೆಂದರೆ ಏನೆಂದು ಗಡಿನಾಡಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಟೆಲಿಯಲ್ಲಿ ಹುಟ್ಟಿದ ಈತ ಇಂಥ ನೆಲದಲ್ಲಿ ಬೇರೂರಿದನು. ಮುಂದೆ ಅದರ ಫಲವನ್ನು ಉಣ್ಣಬೇಕಾಯಿತು.

ಸ್ತ್ರಾಸ್‌ಬೂರ್ಗಿನಲ್ಲಿ ಮಾಥಿಸ್ ಎಂಬವನೊಡನೆ ಕೆಲವು ಕಾಲ, ಆಮೇಲೆ ಕೊಲೋನ್ ನಗರದ ಡಾಯ್ಟ್ಸ್ ಕಂಪೆನಿಯಲ್ಲಿ ಕೆಲವು ಕಾಲ ದುಡಿದನು. ಕೊಲೋನಿನಲ್ಲಿದ್ದಾಗ ತನ್ನ ಮನೆಯ ನೆಲಮಾಳಿಗೆಯಲ್ಲಿ ತನಗಾಗಿಯೇ ಒಂದು ಪುಟ್ಟ ಹಗುರ ಕಾರನ್ನು ಕಟ್ಟಿದನು. 1909ರ ಕೊನೆಯಲ್ಲಿ ಡಾಯ್ಟ್ಸ್ ಬಿಟ್ಟು, ಸ್ತ್ರಾಸ್‌ಬೂರ್ಗಿನ ಸಮೀಪದ ಮೊಲ್ಸೈಮ್ ಎಂಬ ಊರಲ್ಲಿ ಹಾಳುಬಿದ್ದಿದ್ದ ಬಣ್ಣ ಅದ್ದುವ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದನು. ಬುಗಾಟಿ ಹೆಸರಿನ ಕಾರುಗಳು ಹುಟ್ಟಿದ್ದು ಅಲ್ಲಿ. 1911ರಲ್ಲಿ ಲೆ ಮಾನ್ಸ್ ಪಂದ್ಯದಲ್ಲಿ ಒಂದೂವರೆ ಲೀಟರಿಗೂ ಕಡಿಮೆ ಇಂಜಿನಿನ ಅವನ ಕಾರು 10 ಲೀಟರಿನ ದೈತ್ಯ ಫಿಯಟ್ ಒಂದರ ಹಿಂದೆ ಎರಡನೆಯದಾಗಿ ಬಂತು. ನೋಡಿದವರಿಗೆ ಆನೆಯ ಬೆನ್ನ ಹಿಂದೆ ಮೊಲ ಬಂದಂತೆ ತೋರಿತು.

ಮೊದಲ ಮಹಾಯುದ್ಧ ಬಂದಾಗ ಆತ ಕುಟುಂಬದೊಡನೆ ಮೊಲ್ಸೈಮ್ ಬಿಟ್ಟು ಮಿಲಾನಿಗೂ ಅಲ್ಲಿಂದ ಪ್ಯಾರಿಸಿಗೂ ಹೋಗಿ ವಿಮಾನದ ಇಂಜಿನುಗಳನ್ನು ರಚಿಸಿದನು. 1916ರ ಜನವರಿಯಲ್ಲಿ ತಮ್ಮ ರೆಂಬ್ರಾಂಟ್ ಪ್ಯಾರಿಸಿನಲ್ಲಿ ಪ್ರಾಣ ಕಳೆದುಕೊಂಡನು. ಅವನಿಗೆ 31 ವರ್ಷ. ಅವನು ರೂಪಿಸಿದ್ದ, ಸೊಂಡಿಲೆತ್ತಿ ನಿಂತ ಆನೆಯ ಬೊಂಬೆಯನ್ನು ಅಣ್ಣ ಬಹಳ ವರ್ಷಗಳ ಮೇಲೆ ತನ್ನ ಅತಿ ದೊಡ್ಡ ಕಾರಾದ ರೊಯಾಲಿನ ರೇಡಿಯೇಟರಿನ ಮೇಲೆ ನಿಲ್ಲಿಸಿದನು.

ಯುದ್ಧಾನಂತರ ಮೊಲ್ಸೈಮಿಗೆ ಮರಳಿದ ಬುಗಾಟಿಗೆ ಒಂದರ ಹಿಂದೊಂದು ಗೆಲವು. 1921ರಲ್ಲಿ ಇಟೆಲಿಯ ಬ್ರೆಶಿಯಾದಲ್ಲಿ ಮೊದಲ ನಾಲ್ಕೂ ಸ್ಥಾನಗಳು ಅವನ ಕಾರುಗಳಿಗೆ. 1924ರ ಆಗಸ್ಟಿನಲ್ಲಿ ಲಿಯೋನ್ ನಗರದ ಪಂದ್ಯಕ್ಕೆ ತಂದ ಟೈಪ್ 35 ಎಂಬ ಕಾರಂತೂ ಮೋಟಾರು ಚರಿತ್ರೆಯಲ್ಲಿ ಬೇರೆಯೇ ಅಧ್ಯಾಯ. ಆ ದಿನ ಟಯರುಗಳ ಮೇಲ್ಪದರ ಕಿತ್ತು ಹೋಗಿ ಸೋತಿತೇನೋ ನಿಜ. ಆದರೆ 1925ರಿಂದ 1929ರವರೆಗೆ ಸಿಸಿಲಿಯ ಬೆಟ್ಟದ ದಾರಿಯಲ್ಲಿ ನಡೆಯುವ ಟಾರ್ಗಾ ಫ್ಲೋರಿಯೊ ಪಂದ್ಯವನ್ನು ಬುಗಾಟಿ ಕಾರುಗಳು ಸತತ ಐದು ಬಾರಿ ಗೆದ್ದವು.

ಇಲ್ಲಿ ಆ ಆ್ಯಕ್ಸಲ್ಲಿನ ಮಾತನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಲಾರಿಗಳ ಅಡಿಯಲ್ಲಿ ಪ್ಲೇಟುಗಳನ್ನು ಅಟ್ಟಿ ಕಟ್ಟಿದ ಸ್ಪ್ರಿಂಗನ್ನು ಎಲ್ಲರೂ ಕಂಡಿದ್ದೇವೆ. ಅದನ್ನು ಆ್ಯಕ್ಸಲ್ಲಿನ ಮೇಲೆ ಇಟ್ಟು ಬೋಲ್ಟು ಬಿಗಿದಿರುತ್ತಾರೆ. ಬುಗಾಟಿ ಹಾಗೆ ಮಾಡಲಿಲ್ಲ. ಆ್ಯಕ್ಸಲ್ಲಿನಲ್ಲಿಯೇ ಎರಡು ಚೌಕ ಕಿಂಡಿಗಳನ್ನು ತೆಗೆದು ಸ್ಪ್ರಿಂಗನ್ನು ಅದರ ಮೂಲಕ ತೂರಿಸಿದನು. ಸೂಜಿಯ ಕಣ್ಣಿನಲ್ಲಿ ನೂಲು ಹಾಯುವಂತೆ ಅದು ಹಾಯುತ್ತದೆ. ಕಾರು ನೆಲಕ್ಕೆ ಹತ್ತಿರವಾಯಿತು, ಬೋಲ್ಟುಗಳ ಭಾರ ತಪ್ಪಿತು. ಟೈಪ್ 35ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆ್ಯಕ್ಸಲ್ಲಿನ ನಡುಭಾಗವನ್ನು ಟೊಳ್ಳು ಮಾಡಿಸಿದನು. ಕಾಯಿಸಿ ಬಡಿದ ಒಂದೇ ಉಕ್ಕಿನ ತುಂಡು ಅದು. ಕೊರೆದು ಒಳಗನ್ನು ಖಾಲಿ ಮಾಡಿ, ತುದಿಗಳನ್ನು ಮತ್ತೆ ಕುಲುಮೆಯ ಕೆಲಸದಿಂದ ಮುಚ್ಚಿ, ಹೊರಮೈಯನ್ನು ಕನ್ನಡಿಯಂತೆ ಉಜ್ಜಿದ್ದು. ನಡುವೆ ದಪ್ಪ, ಕೊನೆಗಳಿಗೆ ಬಂದಂತೆ ಸಪೂರ, ಎಲ್ಲಿಯೂ ಬೆಸುಗೆಯಿಲ್ಲ. ಸ್ಪ್ರಿಂಗಿನ ಕೆಳಗಿರುವ ಭಾರ ಕಡಿಮೆಯಾದಷ್ಟೂ ಚಕ್ರ ನೆಲವನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂಬುದು ಅದರ ಹಿಂದಿನ ಯುಕ್ತಿ. ಹಿಂದಿನ ಸ್ಪ್ರಿಂಗು ಇನ್ನೂ ವಿಚಿತ್ರ. ಅದರ ದಪ್ಪ ಕೊನೆಯನ್ನು ಚಾಸಿಸಿನ ಬಾಲದ ತುದಿಗೆ ಬಿಗಿದು, ತೆಳು ಕೊನೆ ಮುಂದಕ್ಕೆ ಚಾಚಿ ಆ್ಯಕ್ಸಲ್ಲನ್ನು ಹಿಡಿಯುತ್ತದೆ. ಬೇರೆಯವರು ಕಟ್ಟುವ ರೀತಿಗೆ ಇದು ತೀರ ತಿರುಗುಮುರುಗು.

ತಜ್ಞರು ನೋಡುವುದು ಇವನ್ನೇ. ಆ್ಯಕ್ಸಲ್ ನಿಜಕ್ಕೂ ಟೊಳ್ಳೋ ಗಟ್ಟಿಯೋ, ಎರಡು ತುಂಡು ಸೇರಿಸಿ ಬೆಸೆದ ಗುರುತು ಎಲ್ಲಾದರೂ ಇದೆಯೋ, ಕಿಂಡಿಯ ಮೂಲೆಗಳ ಆಕಾರ ಮೊಲ್ಸೈಮಿನ ನಕ್ಷೆಗೆ ಹೊಂದುತ್ತದೆಯೋ ಎಂದು ಪರೀಕ್ಷಿಸುತ್ತಾರೆ. ಕಾರ್ಖಾನೆಯವರು ಇಂಜಿನು, ಗೇರ್ ಬಾಕ್ಸು, ಚಾಸಿಸ್, ಆ್ಯಕ್ಸಲ್ ಒಂದೊಂದಕ್ಕೂ ಪ್ರತ್ಯೇಕ ಅಂಕೆ ಹೊಡೆಯುತ್ತಿದ್ದರು. ಹಿಂದಿನ ಆ್ಯಕ್ಸಲ್ಲಿನ ಮೇಲೆ 14, 54 ಎಂಬಂತೆ ಹಲ್ಲುಗಳ ಲೆಕ್ಕವೂ ಇರುತ್ತದೆ. ಅಂಕೆಗಳು ಇಂತಿಂಥ ಕಾಲದವು ಎಂದು ಹಳೆಯ ದಾಖಲೆಗಳೊಡನೆ ತಾಳೆ ನೋಡುತ್ತಾರೆ. ಅಂಕೆಯ ಬರವಣಿಗೆಯನ್ನೂ ಪಂಚಿನ ಆಳವನ್ನೂ ಭೂತಗನ್ನಡಿಯಲ್ಲಿ ನೋಡುವುದುಂಟು. ಪೇಟೆಯಲ್ಲಿ ಸಿಗುವ ಬೋಲ್ಟು ನಟ್ಟುಗಳನ್ನು ಬುಗಾಟಿ ಒಪ್ಪುತ್ತಿರಲಿಲ್ಲ. ವಾಷರು ಕೂಡಿಕೊಂಡೇ ಇರುವ ನಟ್ಟು, ಚೌಕ ತಲೆಯ ಬೋಲ್ಟು, ಎಲ್ಲವನ್ನೂ ತನ್ನಲ್ಲಿಯೇ ಮಾಡಿಸಿದನು. ಅವೂ ಸಾಕ್ಷಿ ಹೇಳುತ್ತವೆ.

ಆದರೆ ಎಲ್ಲ ಭಾಗಗಳ ಸಾಕ್ಷ್ಯಕ್ಕೂ ಒಂದೇ ತೂಕವಿಲ್ಲ. ಸ್ಪ್ರಿಂಗಿನ ಪ್ಲೇಟುಗಳು ಕಾಲಕ್ರಮದಲ್ಲಿ ಕುಗ್ಗುತ್ತವೆ, ಮುರಿಯುತ್ತವೆ. ತಿಕ್ಕಾಟದಿಂದ ಕುಲುಕನ್ನು ತಡೆಯುವ ಶಾಕ್ ಅಬ್ಸಾರ್ಬರಿನ ಬಿಲ್ಲೆಗಳು ಸವೆಯಲೆಂದೇ ಇರುವವು. ಅವು ಹೊಸತಾಗಿದ್ದರೆ ಕಾರನ್ನು ಓಡಿಸಿದ್ದಾರೆ ಎಂದಷ್ಟೇ ಅರ್ಥ. ಆ್ಯಕ್ಸಲ್ ಹಾಗಲ್ಲ, ಅಪಘಾತವಾಗದೆ ಅದನ್ನು ಬದಲಿಸುವ ಕಾರಣವಿಲ್ಲ. ಇನ್ನೊಂದು ತೊಡಕು: ಟೈಪ್ 35ರ ವರ್ಗದಲ್ಲಿ ತಯಾರಾದದ್ದು ಸುಮಾರು 340 ಕಾರುಗಳು. ಪಂದ್ಯಕ್ಕೆ ಓಡಿದ ಕಾರಿನ ಭಾಗಗಳನ್ನು ಕಾರ್ಖಾನೆಯವರೇ ಒಂದರಿಂದ ಇನ್ನೊಂದಕ್ಕೆ ಹಾಕಿ, ದುರಸ್ತಿ ಮಾಡಿ ಗಿರಾಕಿಗಳಿಗೆ ಮಾರುತ್ತಿದ್ದರು. ಆದ್ದರಿಂದ ಅಂಕೆ ಹೊಂದಲಿಲ್ಲವೆಂದ ಮಾತ್ರಕ್ಕೆ ಮೋಸವೆನ್ನಲಾಗದು. ಹೊಂದಿತೆಂದ ಮಾತ್ರಕ್ಕೆ ನಂಬಲೂ ಆಗದು. ಈಗ ಅರ್ಜೆಂಟೀನಾದಲ್ಲಿ ಇಡೀ ಟೈಪ್ 35ನ್ನು ಹೊಸದಾಗಿ ಮಾಡುವ ಕಾರ್ಖಾನೆಯೇ ಇದೆ. ಹೊಸತೆಂದು ಹೇಳಿ ಮಾರಿದರೆ ಅದರಲ್ಲಿ ತಪ್ಪೇನೂ ಇಲ್ಲ. ಎರಡು ಕೈ ದಾಟಿದ ಮೇಲೆ ಹಳತೆಂದು ಹೇಳಿಕೊಳ್ಳುವಾಗಲೇ ಗೊಂದಲ. ಒಂದೇ ಹಳೆಯ ಕಾರಿನ ಚಾಸಿಸ್ ಒಬ್ಬನಲ್ಲಿ, ಇಂಜಿನು ಇನ್ನೊಬ್ಬನಲ್ಲಿದ್ದು, ಇಬ್ಬರೂ ಉಳಿದುದನ್ನು ಹೊಸದಾಗಿ ಮಾಡಿಸಿಕೊಂಡು ಅಸಲಿ ತನ್ನದೆನ್ನುವ ವ್ಯಾಜ್ಯಗಳೂ ಉಂಟು.

ಬುಗಾಟಿಯ ಬಾಳಿಗೆ ಮರಳೋಣ. ಮೊಲ್ಸೈಮಿನಲ್ಲಿ ಆತ ಊರಗೌಡನಂತೆ ಬಾಳಿದನು. ಉತ್ತಮ ಜಾತಿಯ ಕುದುರೆಗಳನ್ನು ಸಾಕಿದನು, ಕಾರು ಕೊಳ್ಳಲು ಬಂದವರಿಗೆ ತನ್ನದೇ ಅತಿಥಿಗೃಹ ಕಟ್ಟಿಸಿದನು. ಸಿರಿತನದ ಹುಚ್ಚು ಅವನನ್ನೂ ಬಿಡಲಿಲ್ಲ. ರಾಜಮಹಾರಾಜರಿಗೆಂದು 12 ಲೀಟರಿಗೂ ಮೀರಿದ ಇಂಜಿನಿನ ರೊಯಾಲ್ ಕಾರನ್ನು ಹೊರಡಿಸಿದಾಗ ಲೋಕಕ್ಕೆ ಆರ್ಥಿಕ ಕುಸಿತ ಬಡಿಯಿತು. ಮಾಡಿದ್ದು ಆರು, ಆ ಕಾಲದಲ್ಲಿ ಗಿರಾಕಿಗಳಿಗೆ ಮಾರಾಟವಾದದ್ದು ಮೂರೇ. ಉಳಿದ ಇಂಜಿನುಗಳನ್ನು 1933ರಿಂದ ರೈಲು ಹಳಿಯ ಮೇಲೆ ಓಡುವ ಬೋಗಿಗಳಿಗೆ ಕೂಡಿಸಿದನು. ಆ ಬೋಗಿಗಳೇ ಕೆಲವು ವರ್ಷ ಕಾರ್ಖಾನೆಯ ಅನ್ನಕ್ಕೆ ದಾರಿ ಮಾಡಿದವು.

ಹಿರಿಯ ಮಗ ಝಾನ್ 1909ರಲ್ಲಿ ಹುಟ್ಟಿದವನು. ಕಾರಿನ ಮೈಯ ರೂಪರೇಖೆ ಬರೆಯುವುದರಲ್ಲಿ ಅಜ್ಜ ಕಾರ್ಲೊನ ಕೈ ಅವನಿಗೆ ಬಂದಿತ್ತು. ಅಷ್ಟರಲ್ಲಿ ಯುರೋಪಿನ ಬೇರೆ ಕಂಪೆನಿಗಳು ಮುಂದಿನ ಎರಡು ಚಕ್ರಗಳನ್ನು ಒಂದೇ ಆ್ಯಕ್ಸಲ್ಲಿಗೆ ಕಟ್ಟುವುದನ್ನು ಬಿಟ್ಟು, ಒಂದು ಚಕ್ರ ಗುಂಡಿಗೆ ಇಳಿದರೂ ಇನ್ನೊಂದಕ್ಕೆ ಅದರ ಹಂಗಿಲ್ಲದಂತೆ ಬೇರೆ ಬೇರೆಯಾಗಿ ನೇತುಹಾಕತೊಡಗಿದ್ದವು. ಝಾನ್ ಟೈಪ್ 57ರ ಮೊದಲ ಪ್ರಯೋಗಗಳಲ್ಲಿ ಈ ಹೊಸ ಕ್ರಮವನ್ನು ಅಳವಡಿಸಿದನು. ತಂದೆ ಅದನ್ನು ತೆಗೆಸಿ ತನ್ನ ಹಳೆಯ ಆ್ಯಕ್ಸಲ್ಲನ್ನೇ ಹಾಕಿಸಿದನು. 1934ರಿಂದ ಮಾರಾಟಕ್ಕೆ ಬಂದ ಆ ಮಾದರಿಯ ಸುಮಾರು 700 ಕಾರುಗಳೂ ತಂದೆಯ ಹಟವನ್ನು ಹೊತ್ತುಕೊಂಡೇ ಓಡಿದವು. ಬ್ರೇಕಿನ ವಿಷಯದಲ್ಲಿಯೂ ಇದೇ ಕಥೆ. ತಂತಿಯಿಂದ ಎಳೆಯುವ ಬ್ರೇಕನ್ನು ಬಿಟ್ಟು ಹೈಡ್ರಾಲಿಕ್ ಬ್ರೇಕಿಗೆ ಒಪ್ಪಿದ್ದು 1938ರಲ್ಲಿ. ಇಂದಿನ ಸಂಗ್ರಾಹಕ ಈ ಹಟಕ್ಕೆ ಕೈಮುಗಿಯುತ್ತಾನೆ. ಆದರೆ ಅಂದು ಕಾರು ಕೊಳ್ಳಬಂದವನಿಗೆ ಮಗನ ಆಲೋಚನೆಯೇ ಹಿತವಾಗುತ್ತಿತ್ತೆಂದು ಈ ಲೇಖಕನಿಗೆ ತೋರುತ್ತದೆ.

1936ರಲ್ಲಿ ಫ್ರಾನ್ಸಿನಾದ್ಯಂತ ಮುಷ್ಕರ ಹಬ್ಬಿದಾಗ ಮೊಲ್ಸೈಮಿನ ಕೆಲಸಗಾರರೂ ಅದರಲ್ಲಿ ಸೇರಿದರು. ತನ್ನ ಆಳುಗಳೆಲ್ಲ ತನ್ನ ಮನೆಯವರೇ ಎಂದು ನಂಬಿದ್ದ ಬುಗಾಟಿಗೆ ಅದು ಸಹಿಸದಾಯಿತು. ಕಾರ್ಖಾನೆಯನ್ನು ಝಾನ್‌ಗೆ ಒಪ್ಪಿಸಿ ಪ್ಯಾರಿಸಿನಲ್ಲಿ ನೆಲಸಿದನು. ಮಗ ಚೆನ್ನಾಗಿಯೇ ನಡೆಸಿದನು. 1937ರಲ್ಲಿಯೂ 1939ರಲ್ಲಿಯೂ ಲೆ ಮಾನ್ಸಿನ 24 ಗಂಟೆಗಳ ಪಂದ್ಯವನ್ನು ಬುಗಾಟಿ ಗೆದ್ದಿತು. ಅದೇ ಗೆದ್ದ ಕಾರನ್ನು 1939ರ ಆಗಸ್ಟ್ 11ರಂದು ಮೊಲ್ಸೈಮಿನ ಬಳಿಯ ರಸ್ತೆಯಲ್ಲಿ ಪರೀಕ್ಷಿಸುವಾಗ ಎದುರಾದ ಸೈಕಲ್ ಸವಾರನನ್ನು ತಪ್ಪಿಸಹೋಗಿ ಝಾನ್ ಮರಕ್ಕೆ ಬಡಿದು ತೀರಿಕೊಂಡನು. ವಯಸ್ಸು 30. ಮುಂದಿನ ತಿಂಗಳು ಯುದ್ಧ ಆರಂಭವಾಯಿತು.

ಆಮೇಲಿನದು ದುಃಖದ ಲೆಕ್ಕ. ಜರ್ಮನರು ಅಲ್ಸಾಸನ್ನು ಹಿಡಿದು, ಕಾರ್ಖಾನೆಯನ್ನು ಬಲವಂತದಿಂದ ಮಾರಿಸಿಕೊಂಡು ಯುದ್ಧ ಸಾಮಗ್ರಿ ಮಾಡಿದರು. ಯುದ್ಧ ಮುಗಿದಾಗ ಫ್ರೆಂಚ್ ಸರಕಾರ ಅದನ್ನು ಶತ್ರುದೇಶದ ಇಟೆಲಿಯವನ ಆಸ್ತಿಯೆಂದು ವಶಪಡಿಸಿಕೊಂಡಿತು. ಜೀವಮಾನವೆಲ್ಲ ಅಲ್ಸಾಸಿನಲ್ಲಿ ದುಡಿದವನು ತನ್ನದೇ ಗೇಟಿನ ಹೊರಗೆ ನಿಂತು ಕೋರ್ಟಿಗೆ ಹೋಗಬೇಕಾಯಿತು. 1947ರಲ್ಲಿ ಆಸ್ತಿ ಮರಳಿ ಅವನದೆಂದು ತೀರ್ಪಾಗುವಾಗ ಆತ ಹಾಸಿಗೆ ಹಿಡಿದಿದ್ದನು. ಅದೇ ವರ್ಷ ಆಗಸ್ಟ್ 21ರಂದು ಪ್ಯಾರಿಸಿನಲ್ಲಿ ಕಣ್ಣುಮುಚ್ಚಿದನು. ಮೊಲ್ಸೈಮಿನ ನೆರೆಯ ದೋರ್ಲಿಸೈಮಿನಲ್ಲಿ ಮಗನ ಪಕ್ಕದಲ್ಲಿ ಅವನ ಸಮಾಧಿಯಿದೆ.

ಕಿರಿಯ ಮಗ ರೋಲಾನ್ ಕಂಪೆನಿಯನ್ನು ಎತ್ತಿ ನಿಲ್ಲಿಸಲು ಯತ್ನಿಸಿದನು. 1951ರ ಟೈಪ್ 101ರ ಅಡಿಯಲ್ಲಿಯೂ ತಂದೆಯ ಆ್ಯಕ್ಸಲ್ಲೇ ಇತ್ತು, ಕೊಳ್ಳುವವರು ಇರಲಿಲ್ಲ. 1963ರಲ್ಲಿ ಕಾರ್ಖಾನೆ ಬೇರೆಯವರ ಪಾಲಾಯಿತು. 1998ರಲ್ಲಿ ಹೆಸರನ್ನು ಕೊಂಡ ಫೋಕ್ಸ್‌ವ್ಯಾಗನ್ ಕಂಪೆನಿ ಮೊಲ್ಸೈಮಿನಲ್ಲಿ ಮತ್ತೆ ಕಾರು ಮಾಡಿಸಿತು. ಅವುಗಳಿಗೂ ಈ ಕಥೆಗೂ ಹೆಸರಿನ ಸಂಬಂಧವಷ್ಟೆ. ಹಳೆಯ ಕಾರುಗಳಲ್ಲಿ ನೂರಕ್ಕೂ ಹೆಚ್ಚನ್ನು ಅಲ್ಸಾಸಿನದೇ ಮುಲೂಸ್ ನಗರದ ಶ್ಲುಂಫ್ ಎಂಬ ಗಿರಣಿ ಮಾಲೀಕ ಸಹೋದರರು ಗುಟ್ಟಾಗಿ ಕೂಡಿಹಾಕಿದ್ದರು. ಗಿರಣಿ ಮುಳುಗಿ, 1977ರಲ್ಲಿ ಕೆಲಸಗಾರರು ಬಾಗಿಲೊಡೆದು ಒಳಹೊಕ್ಕಾಗ ಆ ಗುಟ್ಟು ಹೊರಬಿತ್ತು. 1982ರಿಂದ ಅದು ಸಾರ್ವಜನಿಕ ವಸ್ತುಸಂಗ್ರಹಾಲಯ. ಯಾವ ಭಾಗ ಅಸಲಿಯೆಂದು ಸಂಶಯ ಬಂದವರು ಹೋಲಿಸಿ ನೋಡಲು ಅಲ್ಲಿಗೆ ಹೋಗುತ್ತಾರೆ.

ಝಾನ್ ರೂಪಿಸಿದ ಅಟ್ಲಾಂಟಿಕ್ ಎಂಬ ಕಾರು ನಾಲ್ಕೇ ತಯಾರಾದವು. ಒಂದು 1955ರಲ್ಲಿ ರೈಲು ಗೇಟಿನಲ್ಲಿ ನುಚ್ಚುನೂರಾಗಿ, ವರ್ಷಗಳ ಮೇಲೆ ಉಳಿದ ಭಾಗಗಳಿಂದ ಮತ್ತೆ ಎದ್ದಿತು. ಅದರಲ್ಲಿ ಹಳೆಯದೆಷ್ಟು ಹೊಸದೆಷ್ಟು ಎಂದು ಬಲ್ಲವರು ಈಗಲೂ ಎಣಿಸುತ್ತಾರೆ. ಇನ್ನೊಂದು, ಝಾನ್ ತಾನೇ ಓಡಿಸುತ್ತಿದ್ದ ಕಪ್ಪು ಕಾರು, ಯುದ್ಧದ ಗಡಿಬಿಡಿಯಲ್ಲಿ ಕಾಣೆಯಾದದ್ದು ಈವರೆಗೆ ಸಿಕ್ಕಿಲ್ಲ. ಅದರ ಚಾಸಿಸಿನ ಅಂಕೆ 57453.