ರೊನಾಲ್ಡ್ ರಾಸ್ ಮತ್ತು ಅಂಚೆಯಲ್ಲಿ ಬಂದ ಮೇಷ್ಟ್ರು

ನಮ್ಮ ದೊಡ್ಡಮ್ಮನ ಮಗಳು ಮಳವಳ್ಳಿಯಲ್ಲಿದ್ದಾಳೆ. ಬಿ.ಫಾರ್ಮ್ ಮುಗಿಸಿ ಒಂದು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ. ಹೋದ ವರ್ಷದಿಂದ ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತು ಆನ್‌ಲೈನಲ್ಲಿ ಒಂದು ಗ್ರ್ಯಾಜುಯೇಟ್ ಸರ್ಟಿಫಿಕೇಟ್ ಓದ್ತಿದ್ದಾಳೆ. ಹೆಸರು ಕ್ಲಿನಿಕಲ್ ಅಂಡ್ ಟ್ರಾನ್ಸ್‌ಲೇಷನಲ್ ರಿಸರ್ಚ್. ಟ್ರಾನ್ಸ್‌ಲೇಷನ್ ಅಂದ ತಕ್ಷಣ ನಾನು ಅನುವಾದ ಇರಬೇಕು, ಇವಳಿಗ್ಯಾಕೆ ಅನುವಾದ ಅಂದುಕೊಂಡಿದ್ದೆ. ಅಲ್ವಂತೆ. ಲ್ಯಾಬಲ್ಲಿ ಕಂಡುಹಿಡಿದಿದ್ದನ್ನ ರೋಗಿಯ ಹಾಸಿಗೆ ತನಕ, ಅಲ್ಲಿಂದ ಊರಿನ ತನಕ ತಲುಪಿಸೋ ವಿದ್ಯೆಯಂತೆ ಅದು. ರೋಗಿಗಳ ಮೇಲೆ ಮಾಡೋ ಸಂಶೋಧನೆಯನ್ನ ರೋಗಿಗಳೇ ಇಲ್ಲದ ಸ್ಕ್ರೀನ್ ಮುಂದೆ ಕೂತು ಹೆಂಗೆ ಕಲೀತೀಯಾ ಅಂತ ನಾನು ಮದ್ದೂರಿನ ಮನೆಯಲ್ಲಿ ಎಲ್ಲರ ಮುಂದೆ ಕೇಳಿಬಿಟ್ಟೆ. ಅಕ್ಕ ಜಗಳ ಆಡಲಿಲ್ಲ. ರೊನಾಲ್ಡ್ ರಾಸ್ ಬಗ್ಗೆ ಓದು ಅಂದ್ಲು, ಅಷ್ಟೇ.

ರಾಸ್ ಹೆಸರು ನಮಗೆಲ್ಲ ಹೈಸ್ಕೂಲಲ್ಲೇ ಗೊತ್ತು. ಮಲೇರಿಯಾ ಸೊಳ್ಳೆಯಿಂದ ಬರುತ್ತೆ ಅಂತ ಕಂಡುಹಿಡಿದವನು, ನೊಬೆಲ್ ಬಂತು, ಒಂದು ಮಾರ್ಕ್ಸ್. ಆದ್ರೆ ಆತ ಅದನ್ನ ಕಂಡುಹಿಡಿದ ರೀತಿ ನೋಡಿದ್ರೆ, ಅದು ಹೆಚ್ಚುಕಡಿಮೆ ಒಂದು ಡಿಸ್ಟೆನ್ಸ್ ಕೋರ್ಸ್.

ಹುಟ್ಟಿದ್ದು 1857ರ ಮೇ 13, ಅಲ್ಮೋರಾದಲ್ಲಿ. ಮೀರತ್‌ನಲ್ಲಿ ಸಿಪಾಯಿ ದಂಗೆ ಶುರುವಾಗಿ ಮೂರು ದಿನ ಆಗಿತ್ತು. ಅಪ್ಪ ಬ್ರಿಟಿಷ್ ಇಂಡಿಯಾ ಸೈನ್ಯದ ಅಧಿಕಾರಿ, ಹತ್ತು ಮಕ್ಕಳಲ್ಲಿ ಇವನೇ ಹಿರಿಯ. ಎಂಟು ವರ್ಷಕ್ಕೆ ಇಂಗ್ಲೆಂಡಿಗೆ ಕಳಿಸಿದ್ರು. ಹುಡುಗನಿಗೆ ಇಷ್ಟ ಇದ್ದಿದ್ದು ಚಿತ್ರ ಬರೆಯೋದು, ಪದ್ಯ ಬರೆಯೋದು, ಸಂಗೀತ, ಗಣಿತ. ಅಪ್ಪನಿಗೆ ಮಗ ಡಾಕ್ಟರಾಗಿ ಇಂಡಿಯನ್ ಮೆಡಿಕಲ್ ಸರ್ವೀಸ್ ಸೇರಬೇಕು. ಮುಂದಿನದು ನಿಮಗೇ ಗೊತ್ತು, ನಮ್ಮ ಕ್ಲಾಸಲ್ಲಿ ಅರ್ಧ ಜನರ ಕಥೆ ಇದೇ. ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂಸ್ ಆಸ್ಪತ್ರೆಯ ಕಾಲೇಜು ಸೇರಿದ, ಮನಸ್ಸಿಟ್ಟು ಓದಲಿಲ್ಲ. ಬೇಕಾಗಿದ್ದ ಎರಡು ಪರೀಕ್ಷೆಗಳಲ್ಲಿ ಒಂದು ಪಾಸಾಯ್ತು, ಇನ್ನೊಂದು ಆಗಲಿಲ್ಲ. ಸ್ವಲ್ಪ ಕಾಲ ಹಡಗಿನ ಡಾಕ್ಟರ್ ಆಗಿದ್ದ. ಕೊನೆಗೆ 1881ರಲ್ಲಿ ಹೆಂಗೋ ಸರ್ವೀಸ್ ಸೇರಿ ಮದ್ರಾಸ್ ಪ್ರೆಸಿಡೆನ್ಸಿಗೆ ಬಂದ.

1883ರಲ್ಲಿ ಬೆಂಗಳೂರಿಗೆ ಹಾಕಿದ್ರು. ಆತ ಇದ್ದ ಬಂಗಲೆಯಲ್ಲಿ ಬೇರೆ ಮನೆಗಳಿಗಿಂತ ಸೊಳ್ಳೆ ಜಾಸ್ತಿ. ನೋಡಿದ್ರೆ ಕಿಟಕಿ ಹೊರಗೆ ಒಂದು ನೀರಿನ ತೊಟ್ಟಿ, ಅದರ ತುಂಬ ಸೊಳ್ಳೆ ಮರಿ. ತೊಟ್ಟಿ ಮಗುಚಿದ, ಸೊಳ್ಳೆ ಕಮ್ಮಿಯಾಯ್ತು. ಮೆಸ್‌ನಲ್ಲಿರೋ ಪಾತ್ರೆಗಳನ್ನೂ ಹಂಗೇ ಖಾಲಿ ಮಾಡಿಸಿ ಅಂತ ಮೇಲಿನ ಅಧಿಕಾರಿಗೆ ಹೇಳಿದ್ರೆ, ದೇವರು ಮಾಡಿದ ಸೃಷ್ಟಿ, ಸುಮ್ಮನಿರು ಅನ್ನೋ ಧಾಟಿಯ ಉತ್ತರ ಬಂತಂತೆ. ಆಗಿನ್ನೂ ಸೊಳ್ಳೆಗೂ ಜ್ವರಕ್ಕೂ ಸಂಬಂಧ ಇದೆ ಅಂತ ಆತನಿಗೂ ಗೊತ್ತಿರಲಿಲ್ಲ. ಬರೀ ಕಾಟ ತಪ್ಪಿದ್ರೆ ಸಾಕಾಗಿತ್ತು.

ಮುಂದೆ ಏಳೆಂಟು ವರ್ಷ ಬರ್ಮಾ, ಅಂಡಮಾನ್, ಮದ್ರಾಸ್ ಅಂತ ವರ್ಗಾವಣೆ. ಕಾದಂಬರಿ ಬರೆದ, ಪದ್ಯ ಬರೆದ, ಯಾರೂ ಅಷ್ಟಾಗಿ ಓದಲಿಲ್ಲ. 1888ರಲ್ಲಿ ರಜೆ ಮೇಲೆ ಲಂಡನ್‌ಗೆ ಹೋದವನು ಅಲ್ಲಿ ಪಬ್ಲಿಕ್ ಹೆಲ್ತ್ ಡಿಪ್ಲೊಮಾ ಮಾಡಿದ, ಬ್ಯಾಕ್ಟೀರಿಯಾಲಜಿ ಕೋರ್ಸೂ ಮಾಡಿದ. ಕೆಲಸದಲ್ಲಿದ್ದುಕೊಂಡೇ ಒಂದು ಸರ್ಟಿಫಿಕೇಟ್! ಅಲ್ಲಿಂದ ಮೈಕ್ರೋಸ್ಕೋಪ್ ಹಿಡಿದುಕೊಂಡು ವಾಪಸ್ ಬಂದ.

ಮಲೇರಿಯಾ ರೋಗಿಯ ರಕ್ತದಲ್ಲಿ ಒಂದು ಪರಾವಲಂಬಿ ಜೀವಿ ಇರುತ್ತೆ ಅಂತ ಫ್ರೆಂಚ್ ಡಾಕ್ಟರ್ ಲಾವೆರಾನ್ 1880ರಲ್ಲೇ ತೋರಿಸಿದ್ದ. ರಾಸ್ ಎಷ್ಟು ನೋಡಿದ್ರೂ ಕಾಣಲಿಲ್ಲ. ಕಾಣದೇ ಇದ್ದಿದ್ದಕ್ಕೆ ಅದೆಲ್ಲ ಸುಳ್ಳು, ಜ್ವರ ಬರೋದು ಹೊಟ್ಟೆ ಕೆಟ್ಟು ಅಂತ ಲೇಖನ ಬರೆದುಬಿಟ್ಟ. 1894ರಲ್ಲಿ ಮತ್ತೆ ರಜೆಗೆ ಹೋದಾಗ ಪ್ಯಾಟ್ರಿಕ್ ಮ್ಯಾನ್ಸನ್ ಸಿಕ್ಕ. ಮ್ಯಾನ್ಸನ್ ಚೀನಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಆನೆಕಾಲು ರೋಗದ ಹುಳ ಸೊಳ್ಳೆಯೊಳಗೆ ಬೆಳೆಯುತ್ತೆ ಅಂತ ತೋರಿಸಿದವನು. ಅವನು ರಾಸ್‌ನನ್ನ ಕೂರಿಸಿಕೊಂಡು, ರಕ್ತದ ಸ್ಲೈಡಲ್ಲಿ ಅರ್ಧಚಂದ್ರದ ಆಕಾರದ ಜೀವಿಯನ್ನ ತೋರಿಸಿದ. ಅಲ್ಲಿಗೆ ವಾದ ಮುಗೀತು. ಮಲೇರಿಯಾದ್ದೂ ಸೊಳ್ಳೆಯೊಳಗೇ ಬೆಳೆಯಬಹುದು, ನೀನು ಇಂಡಿಯಾದಲ್ಲಿ ಹುಡುಕು ಅನ್ನೋದು ಮ್ಯಾನ್ಸನ್ ಕೊಟ್ಟ ಪ್ರಾಜೆಕ್ಟ್.

1895ರಲ್ಲಿ ಸಿಕಂದರಾಬಾದ್‌ಗೆ ಬಂದಮೇಲೆ ಶುರುವಾಗಿದ್ದೇ ಅಂಚೆ ಕ್ಲಾಸು. ಮುಂದಿನ ನಾಲ್ಕು ವರ್ಷದಲ್ಲಿ ಇಬ್ಬರ ನಡುವೆ ನೂರೈವತ್ತಕ್ಕೂ ಹೆಚ್ಚು ಕಾಗದ ಓಡಾಡಿದವು. ರಾಸ್ ಈ ವಾರ ಮಾಡಿದ್ದನ್ನ ಬರೆದು ಹಡಗಿಗೆ ಹಾಕಬೇಕು, ಅದು ಲಂಡನ್ ತಲುಪಬೇಕು, ಮ್ಯಾನ್ಸನ್ ಓದಿ ತಪ್ಪು ಹೇಳಿ ಬರೀಬೇಕು, ಅದು ವಾಪಸ್ ಬರಬೇಕು. ಅಷ್ಟರಲ್ಲಿ ಇಲ್ಲಿ ಸೊಳ್ಳೆ ಸತ್ತು ರೋಗಿ ವಾಸಿಯಾಗಿ ಮನೆಗೆ ಹೋಗಿರ್ತಿದ್ದ. ಅಸೈನ್‌ಮೆಂಟ್ ಫೀಡ್‌ಬ್ಯಾಕ್ ಎರಡು ದಿನ ಲೇಟಾದ್ರೆ ಗೊಣಗೋ ನಾವು ಇದನ್ನ ನೆನೆಸಿಕೊಳ್ಳಬೇಕು.

ಇನ್ನೊಂದು ಕಷ್ಟ ಏನಂದ್ರೆ, ಮೇಷ್ಟ್ರ ಥಿಯರಿಯಲ್ಲೇ ತಪ್ಪಿತ್ತು. ಸೊಳ್ಳೆ ಒಂದು ಸಲ ರಕ್ತ ಕುಡಿದು ನೀರಲ್ಲಿ ಬಿದ್ದು ಸಾಯುತ್ತೆ, ಆ ನೀರು ಕುಡಿದವರಿಗೆ ಜ್ವರ ಬರುತ್ತೆ ಅಂತ ಮ್ಯಾನ್ಸನ್ ನಂಬಿಕೆ. ಹಂಗಾಗಿ ರಾಸ್ ಸೊಳ್ಳೆ ಸತ್ತ ನೀರನ್ನ ಜನರಿಗೆ ಕುಡಿಸಿ ನೋಡಿದ. ಹೌದು, ಕುಡಿಸಿ. ಲಕ್ಷ್ಮಣ ಅನ್ನೋ ಹುಡುಗ ಕುಡಿದ, ಅವನಿಗೆ ಸ್ವಲ್ಪ ಜ್ವರ ಬಂತು. ರಾಸ್‌ಗೆ ಖುಷಿಯೋ ಖುಷಿ. ಆಮೇಲೆ ಬೇರೆಯವರಿಗೆ ಕುಡಿಸಿದಾಗ ಏನೂ ಆಗಲಿಲ್ಲ. ಇಲ್ಲಿ ನನಗೆ ಓದೋಕೆ ಕಸಿವಿಸಿ ಆಯ್ತು. ಆ ಹುಡುಗನಿಗೆ ಏನಂತ ಹೇಳಿದ್ರೋ, ಎಷ್ಟು ಅರ್ಥ ಆಗಿತ್ತೋ. ಅಕ್ಕನ ಕೋರ್ಸಲ್ಲಿ ಇದರ ಮೇಲೆ ಒಂದು ಇಡೀ ಪೇಪರ್ ಇದೆ. ಮನುಷ್ಯರ ಮೇಲೆ ಪ್ರಯೋಗ ಮಾಡೋಕೆ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಬೇಕು, ರೋಗಿಗೆ ಅವರ ಭಾಷೆಯಲ್ಲಿ ಬಿಡಿಸಿ ಹೇಳಿ ಸಹಿ ತಗೋಬೇಕು, ಬೇಡ ಅಂದ್ರೆ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು. 1895ರಲ್ಲಿ ಇದ್ಯಾವುದೂ ಇರಲಿಲ್ಲ.

ಕೆಲಸ ಶುರುವಾಗಿ ಐದು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ, ಬೆಂಗಳೂರಲ್ಲಿ ಕಾಲರಾ ಅಂತ ರಾಸ್‌ನನ್ನ ಎಬ್ಬಿಸಿಕೊಂಡು ಬಂದ್ರು. ಸುಮಾರು ಒಂದೂಮುಕ್ಕಾಲು ವರ್ಷ ನಮ್ಮಲ್ಲೇ ಇದ್ದ. ಚರಂಡಿ, ಬಾವಿ, ಕಸ ಅಂತ ದಿನಾ ಸುತ್ತೋದು. ಸೊಳ್ಳೆ ಕೆಲಸಕ್ಕೆ ಸಿಕ್ತಿದ್ದ ಟೈಮ್ ಕಮ್ಮಿ. ಆದ್ರೂ ಇಲ್ಲೇ ಒಂದು ಮುಖ್ಯ ಪ್ರಯೋಗ ಆಯ್ತು. ಬೌರಿಂಗ್ ಆಸ್ಪತ್ರೆಯ ಅಸಿಸ್ಟೆಂಟ್ ಸರ್ಜನ್ ಒಬ್ಬರು, ಮಲೇರಿಯಾ ರೋಗಿಯನ್ನ ಕಚ್ಚಿದ ಸೊಳ್ಳೆಗಳಿಂದ ತಾವೇ ಕಚ್ಚಿಸಿಕೊಂಡ್ರು. ರಾಸ್ ಇಂಗ್ಲಿಷಲ್ಲಿ ಬರೆದಿರೋ ಹೆಸರು ಅಪ್ಪಿಯಾ. ನಮ್ಮ ಅಪ್ಪಯ್ಯನೇ ಇರಬೇಕು ಅಂತ ನನ್ನ ಊಹೆ. ಅವರಿಗೆ ಜ್ವರ ಬರಲಿಲ್ಲ. ಪ್ರಯೋಗದ ದಾರಿ ಸರಿಯಾಗೇ ಇತ್ತು, ಸೊಳ್ಳೆ ಜಾತಿ ತಪ್ಪಾಗಿತ್ತು. ಮನೆಯಲ್ಲಿ ಕಾಣೋ ಬೂದು, ಪಟ್ಟೆ ಸೊಳ್ಳೆಗಳಲ್ಲಿ ಮಲೇರಿಯಾ ಬೆಳೆಯೋದೇ ಇಲ್ಲ. ಆದ್ರೆ ಅದು ಆಗ ಯಾರಿಗೂ ಗೊತ್ತಿಲ್ವಲ್ಲ. ಎರಡು ವರ್ಷ ಆತ ಕೊಯ್ದಿದ್ದೆಲ್ಲ ಬಹುಪಾಲು ಇಂಥ ಸೊಳ್ಳೆಗಳನ್ನೇ.

ಸಿಕಂದರಾಬಾದ್‌ಗೆ ವಾಪಸ್ ಹೋಗೋ ಮುಂಚೆ ಊಟಿ ಕಡೆ ರಜೆ ಹಾಕಿ ಹೋಗಿದ್ದಾಗ ಆತನಿಗೇ ಮಲೇರಿಯಾ ಬಂತು. ಅಲ್ಲಿ ಗೋಡೆ ಮೇಲೆ ರೆಕ್ಕೆಗೆ ಚುಕ್ಕೆ ಇರೋ, ಬಾಲ ಎತ್ತಿಕೊಂಡು ಕೂರೋ ಸೊಳ್ಳೆ ನೋಡಿದ್ದ. ಅದೇ ಥರದ್ದು 1897ರ ಆಗಸ್ಟಲ್ಲಿ ಸಿಕಂದರಾಬಾದಲ್ಲಿ ಸಿಕ್ತು. ಮರಿಯಿಂದ ಬೆಳೆಸಿದ ಸೊಳ್ಳೆ, ಅಂದ್ರೆ ಅದು ಮುಂಚೆ ಯಾರನ್ನೂ ಕಚ್ಚಿಲ್ಲ ಅಂತ ಗ್ಯಾರಂಟಿ. 16ನೇ ತಾರೀಕು ಹುಸೇನ್ ಖಾನ್ ಅನ್ನೋ ರೋಗಿಯನ್ನ ಪರದೆಯೊಳಗೆ ಮಲಗಿಸಿ ಅವನ್ನ ಬಿಟ್ರು. ಕಚ್ಚಿದ ಒಂದು ಸೊಳ್ಳೆಗೆ ಒಂದಾಣೆ ರೇಟು. ದಿನಾ ಒಂದೆರಡು ಸೊಳ್ಳೆ ಕೊಯ್ದು ನೋಡಿದ, ಏನಿಲ್ಲ. ಸೆಕೆ ಅಂದ್ರೆ ಸೆಕೆ, ಪಂಖಾ ಹಾಕೋ ಹಾಗಿಲ್ಲ, ಗಾಳಿಗೆ ಸೊಳ್ಳೆ ಹಾರಿಹೋಗುತ್ತೆ. ಬೆವರಿಗೆ ಮೈಕ್ರೋಸ್ಕೋಪಿನ ಸ್ಕ್ರೂ ತುಕ್ಕು ಹಿಡಿದಿತ್ತು, ಲೆನ್ಸ್ ಬಿರುಕು ಬಿಟ್ಟಿತ್ತು. 20ನೇ ತಾರೀಕು, ನಾಲ್ಕನೇ ದಿನದ ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಗುಂಡಗಿನ ಕೋಶಗಳು ಕಂಡವು, ಒಳಗೆ ಕಪ್ಪು ಚುಕ್ಕೆ. ಮಲೇರಿಯಾ ರೋಗಿಯ ರಕ್ತದಲ್ಲಿ ಇರೋ ಅದೇ ಕಪ್ಪು. ಮಾರನೇ ದಿನ ಉಳಿದಿದ್ದ ಸೊಳ್ಳೆ ಕೊಯ್ದ. ಕೋಶಗಳು ಇನ್ನೂ ದೊಡ್ಡದಾಗಿದ್ವು. ಅಂದ್ರೆ ಅದು ಬೆಳೀತಿದೆ.

ಈ ಒಂದು ಸ್ಲೈಡನ್ನ ಗುರುತಿಸೋಕೆ ಆತ ಲಂಡನ್ನಲ್ಲಿ ಮ್ಯಾನ್ಸನ್ ಪಕ್ಕ ಕೂತು ನೋಡಿದ್ದೇ ಬೇಕಾಯ್ತು, ಕಾಗದದಲ್ಲಿ ಬಂದ ಬೈಗುಳವೂ ಬೇಕಾಯ್ತು. ಆದ್ರೆ ಹುಸೇನ್ ಖಾನ್ ಲಂಡನ್ನಿಂದ ಬರಲಿಲ್ಲ. ಅಕ್ಕನಿಗೆ ನಾನು ಕೇಳಿದ್ದ ಪ್ರಶ್ನೆಗೆ ಅರ್ಧ ಉತ್ತರ ನನಗೆ ಇಲ್ಲಿ ಸಿಕ್ತು. ಕೇಳೋದು ಹೆಂಗೆ ಅನ್ನೋದನ್ನ ದೂರದಿಂದ ಕಲಿಸಬಹುದು. ರೋಗಿ ಮಾತ್ರ ಅವಳ ಕೌಂಟರ್ ಮುಂದೆ ಮಳವಳ್ಳಿಯಲ್ಲೇ ನಿಂತಿರ್ತಾನೆ.

ಕಂಡುಹಿಡಿದು ಒಂದು ತಿಂಗಳೊಳಗೆ ಸರ್ಕಾರ ರಾಸ್‌ನನ್ನ ರಾಜಪುತಾನದ ಖೇರವಾಡಾಕ್ಕೆ ಎತ್ತಿಹಾಕಿತು. ಅಲ್ಲಿ ಮಲೇರಿಯಾ ರೋಗಿಗಳೇ ಸಿಗ್ತಿರಲಿಲ್ಲ. ಕೆಲಸ ಬಿಡೋ ಯೋಚನೆ ಮಾಡಿದ. ಮ್ಯಾನ್ಸನ್ ಲಂಡನ್ನಲ್ಲಿ ಯಾರ್ಯಾರನ್ನೋ ಹಿಡಿದು 1898ರಲ್ಲಿ ಕಲ್ಕತ್ತಾಗೆ ಹಾಕಿಸಿದ. ಅಲ್ಲಿ ಪ್ಲೇಗ್ ಸೂಜಿ ಗಲಾಟೆ ನಡೀತಿತ್ತು, ಬೆರಳು ಚುಚ್ಚಿಸಿಕೊಳ್ಳೋಕೆ ಜನ ಹೆದರ್ತಿದ್ರು. ಹಾಗಾಗಿ ಪಕ್ಷಿಗಳ ಮಲೇರಿಯಾ ಹಿಡಿದ. ಆತ ತನ್ನ ಸಂಬಳದಿಂದ ದುಡ್ಡು ಕೊಟ್ಟು ಇಟ್ಟುಕೊಂಡಿದ್ದ ಮಹಮ್ಮದ್ ಬಕ್ಷ್ ಸೊಳ್ಳೆ ಹಿಡಿದು, ಸಾಕಿ, ಗುಬ್ಬಚ್ಚಿಗಳಿಗೆ ಕಚ್ಚಿಸಿದ. ಜುಲೈ ಹೊತ್ತಿಗೆ ಪರಾವಲಂಬಿ ಸೊಳ್ಳೆಯ ಎಂಜಲು ಗ್ರಂಥಿಗೆ ಬರೋದು ಕಾಣಿಸ್ತು, ಸೊಳ್ಳೆ ಕಚ್ಚಿದ ಆರೋಗ್ಯವಂತ ಗುಬ್ಬಿಗಳಿಗೂ ರೋಗ ಬಂತು. ನೀರಿನ ಥಿಯರಿ ಸತ್ತುಹೋಯ್ತು. ಮನುಷ್ಯನಲ್ಲಿ ಇದೇ ಸುತ್ತನ್ನ ಪೂರ್ತಿ ತೋರಿಸಿದ್ದು ಅದೇ ವರ್ಷ ಇಟಲಿಯ ಗ್ರಾಸ್ಸಿ ಮತ್ತು ಜೊತೆಗಾರರು. ಶ್ರೇಯಸ್ಸು ಯಾರಿಗೆ ಅಂತ ರಾಸ್ ವರ್ಷಗಟ್ಟಲೆ ಗ್ರಾಸ್ಸಿ ಜೊತೆ ಕಿತ್ತಾಡಿದ. ಆಮೇಲಾಮೇಲೆ ಮ್ಯಾನ್ಸನ್ ಜೊತೆಗೂ ಕೆಡಿಸಿಕೊಂಡ. 1902ರ ನೊಬೆಲ್ ಬಂದಿದ್ದು ರಾಸ್ ಒಬ್ಬನಿಗೆ. ಮಹಮ್ಮದ್ ಬಕ್ಷ್ ಹೆಸರು ನಮ್ಮ ಯಾವ ಟೆಕ್ಸ್ಟ್‌ಬುಕ್ಕಲ್ಲೂ ನಾನು ನೋಡಿಲ್ಲ.

ನನಗೆ ರಾಸ್ ಇಷ್ಟ ಆಗಿದ್ದು ಇದಾದಮೇಲಿನ ಭಾಗಕ್ಕೆ. 1899ರಲ್ಲಿ ಇಂಡಿಯಾ ಬಿಟ್ಟು ಲಿವರ್‌ಪೂಲ್‌ನಲ್ಲಿ ಮೇಷ್ಟ್ರಾದ. ಪೇಪರ್ ಆಯ್ತು, ಪ್ರೈಜ್ ಆಯ್ತು ಅಂತ ಕೂರಲಿಲ್ಲ. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆ ಪಕ್ಕದ ಇಸ್ಮಾಯಿಲಿಯಾ, ಮಾರಿಷಸ್ ಅಂತ ಹೋಗಿ ಚರಂಡಿ ಬಿಡಿಸಿ, ಗುಂಡಿ ಮುಚ್ಚಿಸಿದ. ಟ್ರಾನ್ಸ್‌ಲೇಷನಲ್ ಅಂತ ಅಕ್ಕ ಹೇಳೋದು ಇದನ್ನೇ. ಆಗ ಎಲ್ಲರೂ ಕೇಳ್ತಿದ್ದಿದ್ದು, ಊರಿನ ಸೊಳ್ಳೆ ಎಲ್ಲ ಕೊಲ್ಲೋಕಾಗುತ್ತಾ ಅಂತ. ರಾಸ್ ಬಿಟ್ಟಿದ್ದ ಗಣಿತ ಮತ್ತೆ ಹಿಡಿದ. ಒಬ್ಬ ರೋಗಿಯನ್ನ ಎಷ್ಟು ಸೊಳ್ಳೆ ಕಚ್ಚುತ್ತೆ, ಅದರಲ್ಲಿ ಎಷ್ಟು ಪರಾವಲಂಬಿ ಬೆಳೆಯೋ ತನಕ ಬದುಕುತ್ತೆ, ಅದರಲ್ಲಿ ಎಷ್ಟು ಮತ್ತೊಬ್ಬ ಮನುಷ್ಯನನ್ನ ಕಚ್ಚುತ್ತೆ. ಇದನ್ನೆಲ್ಲ ಗುಣಿಸಿದಾಗ ಒಬ್ಬ ರೋಗಿಯಿಂದ ಒಬ್ಬನಿಗಿಂತ ಕಮ್ಮಿ ಹೊಸ ರೋಗಿ ಬಂದ್ರೆ ಮಲೇರಿಯಾ ತಾನಾಗೇ ಇಳಿಯುತ್ತೆ. ಸೊಳ್ಳೆ ಸೊನ್ನೆ ಆಗಬೇಕಿಲ್ಲ, ಒಂದು ಮಟ್ಟದ ಕೆಳಗೆ ಇಳಿದ್ರೆ ಸಾಕು. 1911ರ ಪುಸ್ತಕದಲ್ಲಿ ಇದನ್ನ ಡಿಫರೆನ್ಷಿಯಲ್ ಈಕ್ವೇಷನ್ ಮಾಡಿ ಇಟ್ಟ. ಕೋವಿಡ್ ಟೈಮಲ್ಲಿ ಟಿವಿಯಲ್ಲಿ ಆರ್ ನಂಬರ್ ಅಂತಿದ್ರಲ್ಲ, ಅದರ ಹಿಂದಿರೋದು ಇದೇ ಲೆಕ್ಕ. ಥರ್ಡ್ ಸೆಮ್ ಮ್ಯಾಥ್ಸ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳೋರಿಗೆ ಇದನ್ನ ತೋರಿಸಬಹುದು.

ಆ ಲೆಕ್ಕ ಮಂಡ್ಯಕ್ಕೂ ಬೇಕಾಯ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದಾಗಿಂದಲೇ ಕೂಲಿಯವರಿಗೆ ಮಲೇರಿಯಾ ಕಾಟ. 1930ರ ಆಸುಪಾಸಲ್ಲಿ ಇರ್ವಿನ್ ಕಾಲುವೆ, ಅಂದ್ರೆ ಈಗಿನ ವಿ.ಸಿ. ನಾಲೆ, ಬಂತು. ಒಣಗಿದ್ದ ಹೊಲಕ್ಕೆ ಭತ್ತ, ಕಬ್ಬು ಬಂತು. ನೀರಿನ ಜೊತೆ ಸೊಳ್ಳೆಯೂ ಬಂತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಜೊತೆ ಸೇರಿ ಮಲೇರಿಯಾ ಅಧ್ಯಯನ ಮಾಡಿಸಿದ ಜಾಗಗಳಲ್ಲಿ ಮಂಡ್ಯವೂ ಒಂದು. ಮೈಸೂರು ಸೀಮೆಯಲ್ಲಿ ಕೆಲಸ ಮಾಡ್ತಿದ್ದ ಸ್ವೀಟ್ ಮತ್ತು ರಾವ್ ಅನ್ನೋ ಇಬ್ಬರು 1937ರಲ್ಲಿ, ಸ್ಟೀಫೆನ್ಸೈ ಅನ್ನೋ ಒಂದೇ ಜಾತಿ ಸೊಳ್ಳೆಯ ಮೊಟ್ಟೆಗಳಲ್ಲೇ ಎರಡು ಥರ ಇದೆ ಅಂತ ತೋರಿಸಿದ್ರು. ಮಲೇರಿಯಾ ಅಷ್ಟಾಗಿ ಹರಡದ ಹಳ್ಳಿ ಕಡೆಯದಕ್ಕೆ ಮೈಸೊರೆನ್ಸಿಸ್ ಅಂತ ಹೆಸರು. ನಮ್ಮ ಸೀಮೆ ಹೆಸರು ಸೊಳ್ಳೆಗೂ ಇದೆ, ಬರೀ ಪಾಕು ಮತ್ತು ಸಿಲ್ಕ್ ಸೀರೆಗಲ್ಲ.

ಇದನ್ನ ರಾಸ್ ನೋಡಲಿಲ್ಲ. ಕೊನೆಗಾಲದಲ್ಲಿ ದುಡ್ಡಿನ ತೊಂದರೆ ಅಂತ 1928ರಲ್ಲಿ ತನ್ನ ಕಾಗದಪತ್ರಗಳನ್ನೇ ಮಾರಾಟಕ್ಕಿಟ್ಟಿದ್ದ. ಮ್ಯಾನ್ಸನ್‌ಗೂ ಆತನಿಗೂ ಓಡಾಡಿದ ಕಾಗದಗಳು ಉಳಿದವು, ಅಚ್ಚೂ ಆಗಿವೆ. 1932ರ ಸೆಪ್ಟೆಂಬರ್ 16ರಂದು ಲಂಡನ್ನಲ್ಲಿ ತೀರಿಕೊಂಡ.

ಹೋದ ಭಾನುವಾರ ಅಕ್ಕ ಮದ್ದೂರಿಗೆ ಬಂದಿದ್ದಳು. ಅವಳ ಈ ತಿಂಗಳ ಅಸೈನ್‌ಮೆಂಟು, ಒಂದು ಕಾಲ್ಪನಿಕ ಔಷಧಿ ಪ್ರಯೋಗಕ್ಕೆ ಒಪ್ಪಿಗೆ ಪತ್ರ ಬರೆಯೋದು, ಓದಲು ಬಾರದ ರೋಗಿಗೂ ಓದಿ ಹೇಳಿದ್ರೆ ಅರ್ಥ ಆಗೋ ಹಂಗೆ. ಇಂಗ್ಲಿಷಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿದಳು. ಕನ್ನಡಕ್ಕೆ ಬಂದಾಗ ಇಬ್ಬರೂ ಸಿಕ್ಕಿಹಾಕಿಕೊಂಡ್ವಿ. ಪ್ಲಾಸಿಬೋಗೆ ಏನನ್ನೋದು? ಔಷಧಿ ಥರ ಕಾಣೋ ಆದ್ರೆ ಔಷಧಿ ಇಲ್ಲದ ಮಾತ್ರೆ ಅಂತ ಬರೆದ್ವಿ. ಅಜ್ಜಿಗೆ ಓದಿ ಹೇಳಿದ್ವಿ. ಔಷಧಿ ಇಲ್ಲದ ಮಾತ್ರೆಯನ್ನ ಡಾಕ್ಟರು ಯಾಕೆ ಕೊಡ್ತಾರೆ ಅಂತ ಅಜ್ಜಿ ಕೇಳ್ತು. ಅಕ್ಕ ಆ ಪ್ಯಾರಾ ಹೊಡೆದು ಹಾಕಿ ಮತ್ತೆ ಮೊದಲಿಂದ ಶುರು ಮಾಡಿದಳು.