ಕುಂಚವನ್ನೇ ಕಾಯಕವಾಗಿಸಿಕೊಂಡ ಕೆ. ವೆಂಕಟಪ್ಪನವರು

ದಿನವೂ ಇಷ್ಟಲಿಂಗಪೂಜೆ ಮುಗಿದ ಮೇಲೆ ಲಿಂಗೈಕ್ಯ ಗುರುಗಳ ಭಾವಚಿತ್ರಕ್ಕೆ ಹೂವೇರಿಸಿ ನಮಿಸುವುದು ನಮ್ಮೆಲ್ಲರ ರೂಢಿ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಬಸವಣ್ಣನವರ ಅಥವಾ ಮಲೆಯ ಮಾದಪ್ಪನ ಪಟವಿಲ್ಲದ ಭಕ್ತರ ಮನೆ ಅಪರೂಪ. ಆದರೆ ಒಂದು ಮುಖವನ್ನು ಬರೆಯುವವನ ಸಾಧನೆ ಎಂತಹುದೆಂದು ನಾವು ಯೋಚಿಸುವುದು ಕಡಿಮೆ. ಅದನ್ನು ತಿಳಿಯಲು ನೆರೆಯ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರ (1886–1965) ಬದುಕನ್ನು ಇಲ್ಲಿ ಸ್ಮರಿಸುತ್ತಿದ್ದೇವೆ.

ವೆಂಕಟಪ್ಪನವರದು ಅರಮನೆಯನ್ನು ಆಶ್ರಯಿಸಿದ್ದ ಚಿತ್ರಗಾರರ ಮನೆತನ. ಖಚಿತವಾದ ಗೆರೆ, ಮಕ್ಕು ಸಫೇದದ ಉಬ್ಬುಕೆಲಸ, ಚಿನ್ನದ ರೇಕು ಇವು ಮೈಸೂರು ಸಂಪ್ರದಾಯದ ಲಕ್ಷಣಗಳು. ಅವರ ಬಾಲ್ಯದಲ್ಲಿ ಅದೇ ಊರಿನಲ್ಲಿ ಮತ್ತೊಂದು ಮಾದರಿಯೂ ಮನ್ನಣೆ ಪಡೆದಿತ್ತು. ರಾಜಾ ರವಿವರ್ಮನು ಮೈಸೂರಿಗೆ ಬಂದು ರಾಜಮನೆತನದವರ ತೈಲಚಿತ್ರಗಳನ್ನು ಬರೆದಿದ್ದನು. ಇದ್ದವರನ್ನು ಇದ್ದಂತೆಯೇ ತೋರಿಸುವ ಆ ಪಾಶ್ಚಾತ್ಯ ಕ್ರಮವೇ ಭಾವಚಿತ್ರದ ಕೊನೆಯ ಮಾತೆಂದು ಹಲವರು ನಂಬಿದ್ದರು. ಮೈಸೂರಿನಲ್ಲೂ ಅನಂತರ ಮದರಾಸಿನ ಕಲಾಶಾಲೆಯಲ್ಲೂ ವೆಂಕಟಪ್ಪನವರು ವ್ಯಾಸಂಗ ಮಾಡಿದರು.

ನಾಲ್ವಡಿ ಕೃಷ್ಣರಾಜ ಒಡೆಯರ ಪ್ರೋತ್ಸಾಹದಿಂದ ಅವರು ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಶಿಷ್ಯರಾದುದು ಬದುಕಿನ ತಿರುವು. ನಂದಲಾಲ ಬಸು ಅಲ್ಲಿಯ ಸಹಪಾಠಿ. ಗುರುಗಳು ಮೊಗಲರ ಕಿರುಚಿತ್ರಗಳನ್ನೂ ಪ್ರಾಚೀನ ಶಿಲ್ಪಶಾಸ್ತ್ರವನ್ನೂ ಶಿಷ್ಯರ ಮುಂದಿಟ್ಟರು. ಭಾರತೀಯ ಅಂಗರಚನೆಯನ್ನು ಕುರಿತು ಅವನೀಂದ್ರನಾಥರು 1914ರಲ್ಲಿ ಪ್ರಕಟಿಸಿದ ಕಿರುಹೊತ್ತಗೆಗೆ ಚಿತ್ರ ಬರೆದವರಲ್ಲಿ ವೆಂಕಟಪ್ಪನವರೂ ಒಬ್ಬರು. ಅದರಂತೆ ಮುಖಕ್ಕೆ ವೀಳ್ಯದೆಲೆ, ಹುಬ್ಬಿಗೆ ಬೇವಿನೆಲೆ, ಮೂಗಿಗೆ ಎಳ್ಳಿನ ಹೂ, ತುಟಿಗೆ ತೊಂಡೆಹಣ್ಣು, ಗಲ್ಲಕ್ಕೆ ಮಾವಿನ ಓಟೆ, ಕೊರಳಿಗೆ ಶಂಖ ಮಾದರಿ. ಅಂದರೆ ಮನುಷ್ಯನ ಮುಖವನ್ನರಿಯಲು ಗಿಡ, ಬಳ್ಳಿ, ಹೂ, ಕಾಯಿಗಳನ್ನು ಮೊದಲು ಅರಿಯಬೇಕು.

ಹೀಗೆ ಮನೆತನದ ಗೆರೆ, ಕಲಾಶಾಲೆಯ ಶಿಕ್ಷಣ, ಗುರುವಿನ ದೃಷ್ಟಿ ಮೂರೂ ಅವರಲ್ಲಿ ಕೂಡಿಕೊಂಡವು. ಇದರ ಫಲವನ್ನು ದಂತದ ಮೇಲೆ ಅವರು ಬರೆದ ಕಿರುಭಾವಚಿತ್ರಗಳಲ್ಲಿ ಕಾಣಬಹುದು. ದಂತದ ತೆಳುಹಲಗೆ ಕಾಗದದಂತೆ ಬಣ್ಣವನ್ನು ಹೀರಿಕೊಳ್ಳುವುದಿಲ್ಲ. ಬಣ್ಣವನ್ನು ಸಣ್ಣ ಕುಂಚದ ತುದಿಯಿಂದ ಚುಕ್ಕೆ ಚುಕ್ಕೆಯಾಗಿ ಕೂಡಿಸಬೇಕು. ಅಂಗೈಯಗಲದ ಒಂದು ಮುಖ ಬಹುಕಾಲದ ತಾಳ್ಮೆಯನ್ನು ಬೇಡುತ್ತದೆ. ಅಷ್ಟು ಹೊತ್ತು ಎದುರಿನ ವ್ಯಕ್ತಿಯನ್ನು ಧ್ಯಾನಿಸಿದವನಿಗೆ ಬರಿಯ ಹೋಲಿಕೆಯಲ್ಲದೆ ಅಂತರಂಗವೂ ಗೋಚರಿಸುತ್ತದೆಂದು ನಾವು ಭಾವಿಸುತ್ತೇವೆ.

ಮೈಸೂರಿಗೆ ಮರಳಿದ ವೆಂಕಟಪ್ಪನವರು ಅವಿವಾಹಿತರಾಗಿಯೇ ಉಳಿದು, ವಿರಕ್ತರಂತೆ ಬಾಳಿದರು. ವೀಣೆ ಶೇಷಣ್ಣನವರಲ್ಲಿ ವೀಣೆಯನ್ನು ಕಲಿತರು. ಅರಮನೆಗಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪಗಳನ್ನು ರಚಿಸಿದರು; ಉದಕಮಂಡಲದ ನಿಸರ್ಗವನ್ನು ಚಿತ್ರಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲಾ ಗ್ಯಾಲರಿ ಇಂದು ಅವರ ಹೆಸರನ್ನು ಹೊತ್ತಿದೆ.

ಅವರು ಶರಣಪರಂಪರೆಯಲ್ಲಿ ಹುಟ್ಟಿದವರಲ್ಲ. ಆದರೂ ಕೈಗೊಂಡ ಕೆಲಸವನ್ನು ಪೂಜೆಯೆಂದು ನಡೆಸಿದವರನ್ನೆಲ್ಲ ನಮ್ಮವರೆಂದು ಕಾಣುವುದು ಬಸವತತ್ತ್ವ. ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಗುರುಗಳ ಪಟವನ್ನು ತೆಗೆದು ನೂರಾರು ಜನರಿಗೆ ಕಳುಹಿಸುತ್ತೇವೆ. ಅದರಲ್ಲಿ ತಪ್ಪಿಲ್ಲ. ಆದರೆ ನೋಡುವ ಸಾವಧಾನವನ್ನು ಕಳೆದುಕೊಂಡರೆ ಪಟ ಉಳಿದು ಗುರು ಮರೆಯಾಗುತ್ತಾನೆ. ಮನೆಯಲ್ಲಿ ಚಿತ್ರ ಬರೆಯುವ ಮಗುವಿದ್ದರೆ, ಹೊಟ್ಟೆಪಾಡಿಗಾಗದ ವಿದ್ಯೆಯೆಂದು ಹಳಿಯದೆ, ಕೈಗೊಂದು ಕುಂಚ ಕೊಡಿ ಎಂದು ಭಕ್ತರಲ್ಲಿ ವಿನಂತಿಸುತ್ತೇವೆ.